ಐದು ಬೆರಳಿನ ನರ್ಸು

ಮಕ್ಕಳ ವಾರ್ಡಿನಲ್ಲಿ ಬೇರೆ ಗ್ರಹದಿಂದ ಬಂದ ನರ್ಸೊಂದಿತ್ತು. ನಗುವಿಲ್ಲ, ಅಳುವಿಲ್ಲ, ಆ ಬೂದುಬಣ್ಣದ ಮುಖದಲ್ಲಿ ಒಂದು ಗೆರೆಯೂ ಕದಲುತ್ತಿರಲಿಲ್ಲ. ವನಜಳಿಗೆ ಅದನ್ನು ಕಂಡರಾಗುತ್ತಿರಲಿಲ್ಲ. ಮಗಳಿಗೋ ಅದೇ ಬೇಕು. ಡಾಕ್ಟರು ಸೂಜಿ ಚುಚ್ಚುವಾಗಲೆಲ್ಲ ಅದರ ಎರಡೂ ಕೈ ಹಿಡಿದು ಬೆರಳೆಣಿಸುತ್ತಿದ್ದಳು. ಒಟ್ಟು ಐದೇ ಬೆರಳು. ಐದು ಎನ್ನುವಷ್ಟರಲ್ಲಿ ನೋವು ಮುಗಿದಿರುತ್ತಿತ್ತು.

ಆಸ್ಪತ್ರೆ ಸೇರಿದ ಹದಿನೆಂಟನೆಯ ದಿನ ಬೆಳಿಗ್ಗೆ ಮಗಳು ಹೋದಳು. ನರ್ಸು ನಳಿಕೆಗಳನ್ನು ಬಿಚ್ಚಿ, ಹೊದಿಕೆ ಸರಿಮಾಡಿ, ಆಚೆ ನಡೆಯಿತು.

“ಒಂದು ತೊಟ್ಟು ಕಣ್ಣೀರೂ ಬರ್ಲಿಲ್ವಲ್ಲ ನಿನಗೆ,” ವನಜ ಹಿಂದಿನಿಂದ ಕೂಗಿದಳು. “ನಿನ್ನ ಕೈಯನ್ನೇ ಹಿಡ್ಕೊಂಡು ಹೋದ್ಲು ಅವಳು.”

ಅದು ತಿರುಗಿ ನೋಡಲಿಲ್ಲ.

ಮಧ್ಯಾಹ್ನ ಮಗಳ ಫ್ರಾಕನ್ನು ಮಡಿಸಿ ತಂದುಕೊಟ್ಟದ್ದೂ ಅದೇ. ಚಾಚಿದ ಎರಡೂ ಕೈ ಸೇರಿ ನಾಲ್ಕೇ ಬೆರಳಿದ್ದವು. ವನಜ ಎರಡು ಸಲ ಎಣಿಸಿದಳು.

“ಅದರ ಬೆರಳಿಗೇನಾಯ್ತು?” ಎಂದು ಆಯಾಳನ್ನು ಕೇಳಿದಳು.

ಆಯಾ ದನಿ ತಗ್ಗಿಸಿದಳು. “ಅವರ ಕಡೆ ಕಣ್ಣೀರು ಅನ್ನೋದೇ ಇಲ್ಲ ಕಣಮ್ಮ. ಸಂಕಟ ತಡ್ಕೊಳ್ಳೋಕೆ ಆಗದಿದ್ರೆ ಒಂದು ಬೆರಳು ಉದುರಿಹೋಗುತ್ತೆ, ಮತ್ತೆ ಬೆಳೆಯಲ್ಲ. ಈ ವಾರ್ಡಿಗೆ ಬಂದಾಗ ಅವರಿಗೆ ಹನ್ನೆರಡಿದ್ವು.”