ಖಾಲಿ ಅಂಕಣ

ದುಡ್ಡಿದ್ದ ನಾಲ್ಕು ಕಾಲೇಜುಗಳು ಕೈಜೋಡಿಸಿ, ಮ್ಯಾಟಿನ ಮೇಲೆ ಆಡುವ, ಟಿವಿಯಲ್ಲಿ ಬರುವ ಬೇರೆ ಕಬಡ್ಡಿ ವಲಯವನ್ನೇ ಮಾಡಿಸಿಕೊಂಡವು. ಹಳೇ ವಲಯದಲ್ಲಿ ಉಳಿದದ್ದು ದ್ಯಾಮಪ್ಪ ಮೇಷ್ಟ್ರ ಸರ್ಕಾರಿ ಕಾಲೇಜು ಒಂದೇ. ನಮ್ಮ ಹುಡುಗಿಯರನ್ನೂ ಹೊಸ ವಲಯಕ್ಕೆ ಸೇರಿಸಿ ಎಂದು ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿ ಇಳಿದು ಮೇಷ್ಟ್ರು ಸೋತುಹೋಗಿದ್ದರು.

ಹಳೇ ವಲಯದ ಫೈನಲ್ ದಿನ ವಿಶ್ವವಿದ್ಯಾಲಯದ ಅಧಿಕಾರಿ ಗೆದ್ದವರಿಗೆ ಕೊಡುವ ಕಪ್ ಹಿಡಿದುಕೊಂಡೇ ಬಂದರು.

"ಆಡೋಕೆ ಎದುರಿಗೆ ಯಾರೂ ಇಲ್ಲವಲ್ಲ ಸಾಹೇಬ್ರೇ?"

"ಪದ್ಧತಿಯಂತೆ ಒಬ್ಬಳು ಖಾಲಿ ಅಂಕಣಕ್ಕೆ ರೈಡ್ ಹೋಗಿ ಬರಲಿ ಮೇಷ್ಟ್ರೇ. ನೀವೇ ಚಾಂಪಿಯನ್. ಇನ್ನು ಮೇಲೆ ಅರ್ಜಿ ಹಿಡಿದು ನನ್ನ ತಲೆ ತಿನ್ನಬೇಡಿ."

ಮೇಷ್ಟ್ರು ತಲೆ ತಗ್ಗಿಸಿ, ತಂಡದ ನಾಯಕಿಗೆ, "ಹೋಗಿ ಬಾರವ್ವ ರೇಣವ್ವ, ಮುಗಿಸಿಬಿಡು" ಎಂದರು.

ರೇಣವ್ವ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು ಗೆರೆ ದಾಟಿದಳು. ಕಬಡ್ಡಿ ಕಬಡ್ಡಿ ಎನ್ನುತ್ತ ಖಾಲಿ ಅಂಕಣದ ನಟ್ಟನಡುವೆ ಹೋಗಿ ನಿಂತಳು. ಅಲ್ಲಿ ಸುಮ್ಮನಾಗಿ, ನಿಧಾನಕ್ಕೆ ಉಸಿರು ಎಳೆದುಕೊಂಡಳು.

ಅಧಿಕಾರಿ ಸಿಡುಕಿದರು. "ಅಲ್ಲೇ ಉಸಿರು ಬಿಟ್ಟೆಯಲ್ಲಮ್ಮ, ನೀನು ಔಟಾದೆ."

"ಹೌದು ಸರ್. ನನ್ನನ್ನು ಔಟ್ ಮಾಡಿದವರನ್ನು ಕರೆಸಿ, ಉಳಿದ ಆಟ ಆಡೋಣ."