ಸಂರಕ್ಷಿತ ಜಗಳ

ನಮ್ಮ ದ್ವೀಪದ ಹಳೇ ಬಂದರುಪೇಟೆ ಇಡಿಯಾಗಿ ಮ್ಯೂಸಿಯಂ ಆದಾಗ, ಗೋಡೆ ಹೆಂಚುಗಳ ಜೊತೆ ಒಳಗಿದ್ದವರ ಅಭ್ಯಾಸಗಳನ್ನೂ ಉಳಿಸಬೇಕೆಂದು ಕಾನೂನು ಬಂತು. ಎದುರುಮನೆಯ ಪೊಡಿಯಬ್ಬ ಬ್ಯಾರಿ ದಿನಾ ಕಿಟಕಿಯಲ್ಲಿ ಕೂತು ಹಡಗುಗಳಿಗೆ ಬಯ್ಯಬೇಕು. ನಮ್ಮ ಪಾಲಿಗೆ ಬಂದದ್ದು ಜಗಳ; ಬಾಗಿಲಿಗೆ ಅದರ ಬೋರ್ಡನ್ನೂ ಹಾಕಿದರು. ಮಧ್ಯಾಹ್ನ ಪ್ರವಾಸಿಗಳ ಮುಂದೆ ನನ್ನ ಗಂಡ ಬಂಗುಡೆ ಮೀನಿನ ಸಾರು ಉಂಡು "ಹುಳಿ ಸಾಲದು" ಎನ್ನಬೇಕು, ನಾನು "ಹಾಗಾದ್ರೆ ನೀವೇ ಮಾಡಿ" ಎಂದು ಸಿಡುಕಬೇಕು. ತಪ್ಪಿದರೆ ಮನೆ ಬಿಡಬೇಕು.

ನಿನ್ನೆ ಬೆಳಿಗ್ಗೆ ಬಿಸಿ ಗಂಜಿ ಚೆಲ್ಲಿ ನನ್ನ ಕೈಯಲ್ಲಿ ಬೊಬ್ಬೆ ಎದ್ದಿತು. "ನೀನು ಸುಮ್ಮನೆ ಕೂತ್ಕೋ ಮಾರಾಯ್ತಿ" ಎಂದು ಇವರೇ ಸಾರು ಮಾಡಿದರು. ಮದುವೆಯಾದ ಮೇಲೆ ಅದೇ ಮೊದಲು.

ಮಧ್ಯಾಹ್ನ ಪ್ರವಾಸಿಗಳ ಜೊತೆ ಮ್ಯೂಸಿಯಂ ಇನ್‌ಸ್ಪೆಕ್ಟರ್ ಮೇಡಮ್ಮೂ ಬಂದಿದ್ದರು. ಇವರು ತಾವೇ ಮಾಡಿದ ಸಾರನ್ನು ಬಾಯಿಗಿಟ್ಟು, ತಲೆ ತಗ್ಗಿಸಿ ಸಣ್ಣ ಸ್ವರದಲ್ಲಿ "ಹುಳಿ ಸಾಲದು" ಎಂದರು. ಸಾಲುವುದೆಲ್ಲಿಂದ, ಹುಳಿ ಹಾಕಲು ಮರೆತೇಬಿಟ್ಟಿದ್ದರು.

ಸಿಡುಕಲು ಬಾಯಿ ತೆರೆದವಳಿಗೆ ನಗು ಬಂತು. ಸೆರಗು ಒತ್ತಿ ಹಿಡಿದರೂ ನಿಲ್ಲಲಿಲ್ಲ.

"ಜಗಳ ಎಲ್ಲಿ ವಾರಿಜಕ್ಕ? ನಾನೀಗ ಏನಂತ ಬರೀಲಿ?" ಎಂದರು ಮೇಡಂ. ಮನೆ ಹೋಯಿತೆಂದು ನನ್ನ ಗಂಡನ ಮುಖ ಬಿಳಿಚಿತು.

"ನೀವೇ ಮಾಡಿ ಅಂತ ಇಷ್ಟು ವರ್ಷ ಹೇಳಿದೆ ಮೇಡಂ, ಇವತ್ತು ಮಾಡಿದ್ರು. ಅದನ್ನೂ ಬಾಗಿಲಿನ ಬೋರ್ಡಿಗೆ ಸೇರಿಸಿ."

"ಸೇರಿಸಿದ್ರೆ ಇನ್ನು ದಿನಾ ಇವರೇ ಮಾಡ್ಬೇಕಾಗ್ತದೆ."

"ಗೊತ್ತುಂಟು" ಎಂದೆ.

ಇವರು ತಟ್ಟೆ ಸರಿಸಿ ಎದ್ದು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ಹುಳಿಯ ಡಬ್ಬಿ ಎಲ್ಲಿಡ್ತಿ ನೀನು?"