ಮೂರನೆಯ ಕೈ

"ಹುದ್ದೆ ರದ್ದು ಮಾಡೋಣ ಅನ್ನೋರು ಕೈ ಎತ್ತಿ," ಎಂದರು ವಿಭಾಗದ ಮುಖ್ಯಸ್ಥೆ.

ಮೇಜಿನ ಸುತ್ತ ಅವರೂ ಸೇರಿ ಏಳು ಜನ. ಒಂದು ಹುದ್ದೆ ಕಡಿಮೆ ಮಾಡಬಹುದೇ ಎಂದು ಮೇಲಿನಿಂದ ಪತ್ರ ಬಂದಿತ್ತು. ಆಗದು ಎಂದು ಬರೆದಿದ್ದರೂ ನಡೆಯುತ್ತಿತ್ತು. ಕಣ್ಣಿಗೆ ಬಿದ್ದದ್ದು ಎಣಿಕೆಯ ಸಹಾಯಕಿಯ ಹುದ್ದೆ. ಒಬ್ಬ ಕತ್ತೆತ್ತಿ ಆಕಾಶ ನೋಡಿದರೆ ಎಷ್ಟು ಜನ ಜೊತೆಗೆ ಕತ್ತೆತ್ತುತ್ತಾರೆ ಎಂದು ಆರು ವರ್ಷ ಬೀದಿಯಲ್ಲಿ ನಿಂತು ಎಣಿಸಿದವಳು ಆಕೆ. ಆ ಏಳು ಜನರಲ್ಲಿ ಒಬ್ಬರಾದ ಪ್ರಾಧ್ಯಾಪಕರ ಸಮೀಕರಣಗಳು ಹುಟ್ಟಿದ್ದೇ ಆ ಎಣಿಕೆಯಿಂದ. ಗುಂಪಿನಲ್ಲಿ ಅಭಿಪ್ರಾಯ ಹೇಗೆ ಹಬ್ಬುತ್ತದೆ ಎಂಬ ಲೆಕ್ಕದಲ್ಲಿ ಅವರದು ದೊಡ್ಡ ಹೆಸರು.

ಅವರ ಲೆಕ್ಕದ ಪ್ರಕಾರ ಏಳು ಜನರಲ್ಲಿ ಒಬ್ಬರೇ ರದ್ದು ಬೇಡವೆಂದರೆ ವ್ಯರ್ಥ. ಇಬ್ಬರೆಂದರೆ ಗಾಳಿ ತಿರುಗುತ್ತದೆ. ಹಾಗಾಗಿ ಅವರು ಎರಡನೆಯವರಾಗಲು ತಯಾರಾಗಿ ಕುಳಿತರು. ಮೊದಲನೆಯವರಿಗಾಗಿ ಕಾದರು.

ಪಕ್ಕದಲ್ಲಿದ್ದ ಗಡ್ಡದ ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಪ್ರಾಧ್ಯಾಪಕರಿಗೆ ಜೀವ ಬಂದಂತಾಯಿತು. ಮೇಷ್ಟ್ರು ಕೆಮ್ಮಿದರು, ಅಷ್ಟೇ. ಅಷ್ಟರಲ್ಲಿ ಎದುರಿಗೆ ಒಂದು ಕೈ ಎದ್ದಿತು. ಅಳುಕುತ್ತಾ ಇನ್ನೊಂದು. ಇನ್ನು ಮುಗಿಯಿತು ಎಂದುಕೊಂಡು ಪ್ರಾಧ್ಯಾಪಕರೂ ಎತ್ತಿದರು. ಮೂರನೆಯ ಕೈ ಎದ್ದ ಮೇಲೆ ಉಳಿದವು ತಾವಾಗಿಯೇ ಏಳುತ್ತವೆ ಎಂದು ಸಾಧಿಸಿ ತೋರಿಸಿದವರು ಅವರೇ. ಎದ್ದವು.

ಹೊರಗೆ ಬಂದಾಗ ಮೇಷ್ಟ್ರು ಮೆಲ್ಲಗೆ ಅಂದರು, "ಏನ್ರೀ, ನೀವಾದ್ರೂ ಬಾಯಿ ಬಿಡ್ತೀರಿ ಅಂದ್ಕೊಂಡಿದ್ದೆ."

"ನಾನು ನಿಮ್ಮ ಬಾಯಿನೇ ನೋಡ್ತಾ ಕೂತಿದ್ದೆ, ಮಾರಾಯ್ರೆ."

ಸಂಜೆ ಪ್ರಾಧ್ಯಾಪಕರು ಕೆಳಗಿನ ಕೋಣೆಗೆ ಹೋದರು. ಸಹಾಯಕಿ ಡ್ರಾಯರ್ ಖಾಲಿ ಮಾಡುತ್ತಿದ್ದಳು.

"ನೋಡಮ್ಮ, ನನಗೆ ಖಂಡಿತ ಮನಸ್ಸಿರಲಿಲ್ಲ. ಎಲ್ಲರೂ ಎತ್ತಿಬಿಟ್ರು..."

"ಗೊತ್ತು ಸರ್. ಉಳಿದ ಆರೂ ಜನ ಬಂದು ಇದನ್ನೇ ಹೇಳಿ ಹೋದ್ರು. ಮೇಡಂ ಅಂತೂ ಅತ್ತೇಬಿಟ್ರು. ನಾನೇ ನೀರು ಕೊಟ್ಟು ಕಳಿಸ್ದೆ."

ಪ್ರಾಧ್ಯಾಪಕರ ಬಾಡಿದ ಮುಖ ತಟ್ಟನೆ ಅರಳಿತು. "ಆರೂ ಜನಾನಾ? ಒಬ್ಬರಿಗೂ ಬೇಕಿರಲಿಲ್ವಾ?" ಎನ್ನುತ್ತಾ ಜೇಬಿನಿಂದ ಪುಟ್ಟ ಪುಸ್ತಕ ತೆಗೆದರು. "ಅದ್ಭುತ! ಯಾರ ಹಿಂದೆ ಯಾರು ಬಂದ್ರು, ಎಷ್ಟು ಹೊತ್ತು ನಿಂತ್ರು, ಸ್ವಲ್ಪ ನೆನಪು ಮಾಡ್ಕೊಂಡು ಹೇಳ್ತೀಯಾ, ತಾಯಿ?"

ಆಕೆ ಚೀಲವನ್ನು ಹೆಗಲಿಗೇರಿಸಿದಳು.

"ಆ ಕೆಲಸದಿಂದ ಬೆಳಿಗ್ಗೆನೇ ತೆಗೆದ್ರಲ್ಲ, ಸರ್."